ಐದು ಲಕ್ಷದ ವಾಚ್: ತಯಾರಿ ಖರ್ಚು ಎಷ್ಟು, ಉಳಿದ ದುಡ್ಡು ಎಲ್ಲಿ ಹೋಗುತ್ತದೆ?

ಬೆಂಗಳೂರಿನ ಯುಬಿ ಸಿಟಿ ಮಾಲ್‌ನಲ್ಲಿ ಗಾಜಿನ ಆಚೆ ಇಟ್ಟ ಒಂದು ಸ್ಟೀಲ್ ವಾಚ್. ಪಕ್ಕದ ಚೀಟಿಯಲ್ಲಿ ಐದು ಲಕ್ಷ ರೂಪಾಯಿ. ಚಿನ್ನ ಇಲ್ಲ, ವಜ್ರ ಇಲ್ಲ. ಇದಕ್ಕೆ ಇಷ್ಟು ಯಾಕೆ ಎಂದು ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ಮಾರುವವರು ಪರಂಪರೆ, ಕೈಕೆಲಸ ಎನ್ನುತ್ತಾರೆ. ಕೊಳ್ಳದವರು ಎಲ್ಲಾ ಹೆಸರಿನ ದುಡ್ಡು ಎನ್ನುತ್ತಾರೆ. ಎರಡರಲ್ಲೂ ನಿಜ ಇದೆ. ಆದರೆ ಎರಡೂ ಲೆಕ್ಕ ಕೊಡುವುದಿಲ್ಲ.

ಚಿಕ್ಕಪೇಟೆಯಲ್ಲಿ ಒಂದು ಸರ ಕೊಂಡರೆ ಬಿಲ್‌ನಲ್ಲಿ ಎಲ್ಲವೂ ಬೇರೆ ಬೇರೆ ಬರುತ್ತದೆ. ಚಿನ್ನದ ತೂಕ, ಆ ದಿನದ ರೇಟು, ವೇಸ್ಟೇಜ್, ಮೇಕಿಂಗ್ ಚಾರ್ಜ್, ಜಿಎಸ್‌ಟಿ. ಎಲ್ಲಿ ಜಾಸ್ತಿ ಕೇಳುತ್ತಿದ್ದಾರೆ ಎಂದು ನಮಗೆ ಕಾಣುತ್ತದೆ, ಅಲ್ಲಿ ಚೌಕಾಸಿ ಮಾಡುತ್ತೇವೆ. ವಾಚ್‌ಗೆ ಇಂಥ ಬಿಲ್ ಇಲ್ಲ. ಒಂದೇ ಎಂಆರ್‌ಪಿ. ಹಾಗಾಗಿ ಆ ಬಿಲ್ಲನ್ನು ನಾವೇ ಬರೆದು ನೋಡೋಣ.

ಮೇಲಿನಿಂದ ಕೆಳಗೆ ಬರೋಣ. ಐದು ಲಕ್ಷದೊಳಗೆ ಶೇ 18 ಜಿಎಸ್‌ಟಿ ಸೇರಿದೆ. ಅದು ಸುಮಾರು ₹76,000. ಉಳಿದದ್ದು ₹4.24 ಲಕ್ಷ. ಇದರಲ್ಲಿ ಅಂಗಡಿಯವರ ಪಾಲು ಇದೆ. ಈ ವ್ಯಾಪಾರದಲ್ಲಿ ಅದು ಸಾಮಾನ್ಯವಾಗಿ ಶೇ 30ರಿಂದ 40. ಕಡಿಮೆ ಎಂದು ಶೇ 30 ಹಿಡಿದರೂ ₹1.27 ಲಕ್ಷ ಆಗುತ್ತದೆ. ಯುಬಿ ಸಿಟಿ ಇರುವ ವಿಠ್ಠಲ್ ಮಲ್ಯ ರಸ್ತೆಯ ಬಾಡಿಗೆ, ಸಿಬ್ಬಂದಿ, ವಿಮೆ, ವರ್ಷಗಟ್ಟಲೆ ಮಾರಾಟವಾಗದೆ ಕೂತ ಸ್ಟಾಕ್ ಎಲ್ಲಾ ಇದರಲ್ಲೇ ಹೋಗಬೇಕು. ಈಗ ಕೈಯಲ್ಲಿ ₹2.97 ಲಕ್ಷ. ಇನ್ನು ಆಮದು ಸುಂಕ. ಸ್ವಿಸ್ ವಾಚ್‌ಗೆ ಬಹಳ ಕಾಲ ಇದ್ದದ್ದು ಶೇ 20 ಸುಂಕ, ಆ ಸುಂಕದ ಮೇಲೆ ಶೇ 10 ಸರ್‌ಚಾರ್ಜ್. ಒಟ್ಟು ಶೇ 22. ಅದು ಸುಮಾರು ₹53,000. ಅದನ್ನೂ ಕಳೆದರೆ ಸ್ವಿಟ್ಜರ್ಲೆಂಡ್‌ನ ಕಂಪನಿಗೆ ತಲುಪುವುದು ₹2.43 ಲಕ್ಷ. ನಡುವೆ ಭಾರತದ ವಿತರಕರೊಬ್ಬರು ಇದ್ದರೆ ಇನ್ನೂ ಕಡಿಮೆ.

ಅಂದರೆ ಬೆಲೆಯ ಅರ್ಧಕ್ಕಿಂತ ಹೆಚ್ಚು ವಾಚ್ ಮಾಡಿದವರ ಕೈಗೆ ಸಿಗುವುದೇ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಉಳಿದ ₹2.43 ಲಕ್ಷದಲ್ಲಿ ತಯಾರಿ ಖರ್ಚು ಎಷ್ಟು? ದುಬಾರಿ ವಸ್ತುಗಳ ಕಂಪನಿಗಳ ವಾರ್ಷಿಕ ಲೆಕ್ಕಪತ್ರ ಒಂದು ಸುಳಿವು ಕೊಡುತ್ತದೆ. ಕಾರ್ಟಿಯೆ, ಐಡಬ್ಲ್ಯುಸಿಗಳ ಒಡೆಯ ಕಂಪನಿ ರಿಚ್‌ಮಾಂಟ್‌ನ ಗ್ರಾಸ್ ಮಾರ್ಜಿನ್, ಅಂದರೆ ತಯಾರಿ ಖರ್ಚು ಮಾತ್ರ ಕಳೆದು ಉಳಿಯುವ ದುಡ್ಡು, ಮಾರಾಟದ ಮೂರನೇ ಎರಡು ಭಾಗದ ಆಸುಪಾಸಿನಲ್ಲಿರುತ್ತದೆ. ಅದರಲ್ಲಿ ಒಡವೆಯೂ ಇದೆ, ಸ್ವಂತ ಅಂಗಡಿಗಳ ಮಾರಾಟವೂ ಇದೆ. ಹಾಗಾಗಿ ಅದನ್ನೇ ನೇರವಾಗಿ ಒಂದು ವಾಚ್‌ಗೆ ಅಂಟಿಸಲು ಬರುವುದಿಲ್ಲ. ಆದರೂ ಅಂದಾಜಿಗೆ ಸಾಕು. ಮೂರನೇ ಒಂದು ಭಾಗ ತಯಾರಿಗೆ ಎಂದು ಹಿಡಿದರೆ ಸುಮಾರು ₹80,000. ಇದು ನನ್ನ ಅಂದಾಜು. ಕಂಪನಿಗಳು ಒಂದೊಂದು ವಾಚ್‌ನ ಲೆಕ್ಕವನ್ನು ಹೊರಗೆ ಬಿಡುವುದಿಲ್ಲ.

ಐದು ಲಕ್ಷಕ್ಕೆ ಎಂಬತ್ತು ಸಾವಿರ. ಆರರಲ್ಲಿ ಒಂದು ಪಾಲು. ಈಗ ಆ ಎಂಬತ್ತು ಸಾವಿರವನ್ನು ಬಿಚ್ಚಬೇಕು.

ಲೋಹ, ಕಲ್ಲು, ಮೆಷಿನ್

ಉಕ್ಕಿನ ಬೆಲೆ ಲೆಕ್ಕಕ್ಕೇ ಬರುವುದಿಲ್ಲ. ಚೈನ್ ಸೇರಿ ಒಂದು ವಾಚ್ ಸುಮಾರು 150 ಗ್ರಾಂ ತೂಗುತ್ತದೆ. ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲ್ ಕೆಜಿಗೆ ಕೆಲವು ನೂರು ರೂಪಾಯಿ. ಕತ್ತರಿಸಿ ಬಿಸಾಡುವ ಚೂರನ್ನೂ ಸೇರಿಸಿದರೆ ಇನ್ನೂರು ಮುನ್ನೂರು ರೂಪಾಯಿ ಆದೀತು. ಡಯಲ್ ಮೇಲಿನ ಸಫೈರ್ ಗ್ಲಾಸು ಕಾರ್ಖಾನೆಯಲ್ಲಿ ಬೆಳೆಸಿದ್ದು. ಒಳಗಿನ ಮಾಣಿಕ್ಯಗಳೂ ಅಷ್ಟೇ. ಹಳೆಯ ಎಚ್‌ಎಂಟಿ ಡಯಲ್ ಮೇಲೆ "17 ಜ್ಯುವೆಲ್ಸ್" ಎಂದು ಇರುತ್ತಿತ್ತಲ್ಲ, ಅದನ್ನು ನೋಡಿ ಒಳಗೆ ಬೆಲೆಬಾಳುವ ಹರಳು ಇದೆ ಎಂದುಕೊಂಡವರು ಬಹಳ ಜನ. ಅವು ತಿರುಗುವ ಕಡ್ಡಿಗಳ ತುದಿ ಸವೆಯದಿರಲಿ ಎಂದು ಹಾಕುವ ಕೃತಕ ಮಾಣಿಕ್ಯ. ಇವನ್ನು ಕರಗಿಸಿ ಬೆಳೆಸುವ ವಿಧಾನ 1902ರಿಂದಲೇ ಗೊತ್ತಿದೆ. ತುಂಬ ಅಗ್ಗ.

ಚಿನ್ನದ ವಾಚ್ ಆದರೆ ಮಾತು ಬೇರೆ. 18 ಕ್ಯಾರೆಟ್ ಎಂದರೆ ನಾಲ್ಕರಲ್ಲಿ ಮೂರು ಭಾಗ ಶುದ್ಧ ಚಿನ್ನ. ವಾಚ್‌ನಲ್ಲಿ 100 ಗ್ರಾಂ 18 ಕ್ಯಾರೆಟ್ ಇದ್ದರೆ ಶುದ್ಧ ಚಿನ್ನ 75 ಗ್ರಾಂ. 2024ರ ಆರಂಭದಲ್ಲಿ ಗ್ರಾಂಗೆ ಆರು ಸಾವಿರ ಚಿಲ್ಲರೆ ಇತ್ತು, 2025ರ ಕೊನೆಗೆ ಹನ್ನೆರಡು ಸಾವಿರ ದಾಟಿತು. ಅಂದರೆ ಬರೀ ಲೋಹದ ಬೆಲೆಯೇ ನಾಲ್ಕೂವರೆ ಲಕ್ಷದಿಂದ ಒಂಬತ್ತು ಲಕ್ಷಕ್ಕೆ ಹೋಯಿತು. ಚಿನ್ನದ ವಾಚ್‌ಗಳು ಸ್ಟೀಲ್‌ಗಿಂತ ಜೋರಾಗಿ ಏರಿದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಇನ್ನು ಒಳಗಿನ ಮೆಷಿನ್. ಸೀಕೊದ ಎನ್‌ಎಚ್35 ಎಂಬ ಆಟೊಮ್ಯಾಟಿಕ್ ಮೆಷಿನ್ ಬಿಡಿಯಾಗಿ ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ. ಸ್ವಿಟ್ಜರ್ಲೆಂಡ್‌ನ ಸೆಲಿಟಾ ಕಂಪನಿಯ ಎಸ್‌ಡಬ್ಲ್ಯು200 ಬಿಡಿಯಾಗಿ ಇಪ್ಪತ್ತು ಸಾವಿರದ ಆಸುಪಾಸು. ಒಂದು ಲಕ್ಷದಿಂದ ಎರಡು ಲಕ್ಷದ ಎಷ್ಟೋ ವಾಚ್‌ಗಳ ಒಳಗೆ ಇರುವುದು ಇದೇ ಬಗೆಯ ಮೆಷಿನ್. ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಲಕ್ಷಗಟ್ಟಲೆ ತಯಾರಾದ ಮೆಷಿನ್‌ನಲ್ಲಿ ದೋಷಗಳು ಎಂದೋ ಹೊರಬಿದ್ದು ಸರಿಯಾಗಿರುತ್ತವೆ. ಯಾವ ಊರಿನಲ್ಲಾದರೂ ರಿಪೇರಿ ಮಾಡುವವರು ಸಿಗುತ್ತಾರೆ. ನನ್ನನ್ನು ಕೇಳಿದರೆ ಮೊದಲ ಒಳ್ಳೆಯ ವಾಚ್ ಕೊಳ್ಳುವವರಿಗೆ ಇದೇ ಸರಿ.

ಆದರೆ ಕಂಪನಿ ಸ್ವಂತ ಮೆಷಿನ್ ಮಾಡಲು ಹೊರಟರೆ ಲೆಕ್ಕ ಪೂರ್ತಿ ಬದಲಾಗುತ್ತದೆ. ಹೊಸ ಮೆಷಿನ್‌ನ ವಿನ್ಯಾಸಕ್ಕೆ, ಪರೀಕ್ಷೆಗೆ, ಅದನ್ನು ಮಾಡುವ ಯಂತ್ರಗಳಿಗೆ ಹತ್ತು ಕೋಟಿ ರೂಪಾಯಿ ಹೋಯಿತು ಎಂದುಕೊಳ್ಳಿ. ಒಂದು ಸಾವಿರ ವಾಚ್ ಮಾಡಿದರೆ ಒಂದೊಂದರ ಮೇಲೂ ಒಂದು ಲಕ್ಷ ಬೀಳುತ್ತದೆ. ಒಂದು ಲಕ್ಷ ವಾಚ್ ಮಾಡಿದರೆ ಒಂದೊಂದರ ಮೇಲೆ ಬರೀ ಒಂದು ಸಾವಿರ. ಅದೇ ಮೆಷಿನ್, ಅದೇ ಕೆಲಸ. ಒಂದೊಂದರ ಮೇಲೆ ಬೀಳುವ ಈ ಖರ್ಚು ಮಾತ್ರ ನೂರು ಪಟ್ಟು ಬೇರೆ.

ಈ ವಿಷಯದ ಬೀಗದ ಕೈ ಇರುವುದು ಇಲ್ಲೇ ಎಂದು ನನಗೆ ಅನಿಸುತ್ತದೆ. ತಯಾರಿ ಖರ್ಚು ಮೊದಲು ಗೊತ್ತಾಗಿ, ಅದರ ಮೇಲೆ ಬೆಲೆ ಕಟ್ಟುತ್ತಾರೆ ಎಂದು ನಾವು ಭಾವಿಸುತ್ತೇವೆ. ದುಬಾರಿ ವಾಚ್‌ನಲ್ಲಿ ಮೊದಲು ಆಗುವ ತೀರ್ಮಾನ ಎಷ್ಟು ಮಾಡಬೇಕು ಎಂಬುದು. ಖರ್ಚು, ಬೆಲೆ ಎರಡೂ ಆ ಸಂಖ್ಯೆಯಿಂದಲೇ ಹುಟ್ಟುತ್ತವೆ.

ಕೈಕೆಲಸ ಎಂದರೆ ನಿಜವಾಗಿ ಏನು

"ಕೈಯಲ್ಲಿ ಮಾಡಿದ್ದು" ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಇವತ್ತು ವಾಚ್‌ನ ಬಿಡಿಭಾಗಗಳನ್ನು ಕತ್ತರಿಸುವುದು ಕಂಪ್ಯೂಟರ್ ನಡೆಸುವ ಯಂತ್ರಗಳೇ. ಬಹಳ ದುಬಾರಿ ವಾಚ್‌ಗಳಲ್ಲೂ ಅಷ್ಟೇ. ಕೈ ಬರುವುದು ಆಮೇಲೆ.

ಮೆಷಿನ್‌ನ ಚಕ್ರಗಳನ್ನು ಹಿಡಿದು ನಿಲ್ಲಿಸುವ ಲೋಹದ ಪಟ್ಟಿಗಳಿಗೆ ಬ್ರಿಡ್ಜ್ ಎನ್ನುತ್ತಾರೆ. ಅವುಗಳ ಅಂಚನ್ನು ಓರೆಯಾಗಿ ಉಜ್ಜಿ ಕನ್ನಡಿಯಂತೆ ಹೊಳೆಸುವ ಕೆಲಸ ಇದೆ. ಮೊದಲು ಸಣ್ಣ ಅರ, ಆಮೇಲೆ ನುಣುಪು ಕಲ್ಲು, ಕೊನೆಗೆ ಜೆನ್ಷಿಯನ್ ಎಂಬ ಗಿಡದ ಒಣಗಿದ ಕಡ್ಡಿಗೆ ವಜ್ರದ ಪುಡಿಯ ಪೇಸ್ಟ್ ಹಚ್ಚಿ ಉಜ್ಜುತ್ತಾರೆ. ಸ್ವಿಟ್ಜರ್ಲೆಂಡ್‌ನ ವಾಲೆ ದ ಜೂ ಕಣಿವೆಯ ಕಡೆ ಈ ಕಡ್ಡಿಗಳ ಬಳಕೆ ಇಂದಿಗೂ ಇದೆ. ಎರಡು ಓರೆ ಅಂಚುಗಳು ಒಳಮುಖವಾಗಿ ಚೂಪಾಗಿ ಸೇರುವ ಮೂಲೆ ಇದೆಯಲ್ಲ, ಅಲ್ಲಿ ತಿರುಗುವ ಯಂತ್ರದ ತುದಿ ಹೋಗುವುದಿಲ್ಲ. ಅದರ ತುದಿ ದುಂಡಗಿರುವುದರಿಂದ ಮೂಲೆಯೂ ದುಂಡಗೆ ಬರುತ್ತದೆ. ಚೂಪಾದ ಒಳಮೂಲೆ ಕಂಡರೆ ಅಲ್ಲಿ ಒಬ್ಬ ಮನುಷ್ಯ ಕೂತು ಗಂಟೆಗಟ್ಟಲೆ ಉಜ್ಜಿದ್ದಾನೆ ಎಂದು ಅರ್ಥ. ಉಕ್ಕಿನ ಪುಟ್ಟ ಭಾಗಗಳನ್ನು ತವರದ ಫಲಕದ ಮೇಲೆ ಉಜ್ಜಿ, ಒಂದು ಕೋನದಿಂದ ನೋಡಿದರೆ ಕಡುಕಪ್ಪು, ಇನ್ನೊಂದು ಕೋನದಿಂದ ಬೆಳ್ಳಗೆ ಕಾಣುವಂತೆ ಮಾಡುವುದೂ ಹೀಗೇ. ಸ್ವಲ್ಪ ಧೂಳು ಸಿಕ್ಕಿದರೆ ಗೆರೆ ಬೀಳುತ್ತದೆ, ಮೊದಲಿನಿಂದ ಶುರು.

ಫಿಲಿಪ್ ದುಫೂರ್ ಎಂಬ ಸ್ವಿಸ್ ಗಡಿಯಾರಗಾರ ತನ್ನ ಹೆಸರಾಂತ ಸಿಂಪ್ಲಿಸಿಟಿ ವಾಚ್ ಅನ್ನು ಇಡೀ ಜೀವನದಲ್ಲಿ ಇನ್ನೂರರಷ್ಟು ಮಾತ್ರ ಮಾಡಿದ್ದಾರೆ. ಅದು ಗಂಟೆ, ನಿಮಿಷ, ಸೆಕೆಂಡು ಬಿಟ್ಟು ಬೇರೇನನ್ನೂ ತೋರಿಸುವುದಿಲ್ಲ.

ಎನಾಮೆಲ್ ಡಯಲ್ ಇನ್ನೊಂದು ಉದಾಹರಣೆ. ಗಾಜಿನ ಪುಡಿಯನ್ನು ಲೋಹದ ತಟ್ಟೆಯ ಮೇಲೆ ಹರಡಿ 800 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸುಡುತ್ತಾರೆ. ಮತ್ತೆ ಹರಡುತ್ತಾರೆ, ಮತ್ತೆ ಸುಡುತ್ತಾರೆ. ಕೊನೆಯ ಸುತ್ತಿನಲ್ಲಿ ಒಂದು ಕಪ್ಪು ಚುಕ್ಕಿ ಎದ್ದರೆ ಅಥವಾ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಡಯಲ್ ಕಸದ ಬುಟ್ಟಿಗೆ. ನೀವು ಕೊಂಡ ಡಯಲ್‌ನ ಬೆಲೆಯಲ್ಲಿ ಹಾಳಾದ ಡಯಲ್‌ಗಳ ಬೆಲೆಯೂ ಇರುತ್ತದೆ.

ಇವು ಯಾವುವೂ ವಾಚ್ ಅನ್ನು ಹೆಚ್ಚು ನಿಖರ ಮಾಡುವುದಿಲ್ಲ. ಆದರೂ ಈ ದುಡ್ಡನ್ನು ನಾನು ಮನಸಾರೆ ಒಪ್ಪುತ್ತೇನೆ. ಇದು ಒಬ್ಬ ಕೆಲಸಗಾರನ ಕಣ್ಣಿಗೆ, ಕೈಗೆ, ತಾಳ್ಮೆಗೆ ಸಲ್ಲುವ ಕೂಲಿ. ತೊಂದರೆ ಇರುವುದು ಇನ್ನೊಂದು ಕಡೆ. ಐದಾರು ಲಕ್ಷದ ಬಹಳಷ್ಟು ವಾಚ್‌ಗಳಲ್ಲಿ ಈ ಕೆಲಸ ಇರುವುದಿಲ್ಲ. ಯಂತ್ರ ಎಳೆದ ಚೆಂದದ ಪಟ್ಟೆಗಳು ಇರುತ್ತವೆ, ಜಾಹೀರಾತಿನಲ್ಲಿ ಮಾತ್ರ ಬಿಳಿ ಕೋಟು ಹಾಕಿದ ಮುದುಕರೊಬ್ಬರು ಭೂತಗನ್ನಡಿ ಹಿಡಿದು ಕೂತಿರುತ್ತಾರೆ. ಕೊಳ್ಳುವ ಮುಂಚೆ ಹಿಂಭಾಗದ ಗಾಜಿನಿಂದ ಆ ಒಳಮೂಲೆಗಳನ್ನು ಹುಡುಕಿ. ಅಂಗಡಿಯವರೇ ಲೆನ್ಸ್ ಕೊಡುತ್ತಾರೆ.

ಕಡಿಮೆ ವಾಚ್, ಹೆಚ್ಚು ಬೆಲೆ

ಎಷ್ಟು ಮಾಡಬೇಕು ಎಂಬ ಪ್ರಶ್ನೆಗೆ ಹಿಂತಿರುಗೋಣ. ಅದಕ್ಕೆ ಸ್ವಿಸ್ ಉತ್ತರ ಬಂದದ್ದು ಒಂದು ಹೊಡೆತದಿಂದ.

1969ರ ಡಿಸೆಂಬರ್ 25ರಂದು ಸೀಕೊ ಕಂಪನಿ ಟೋಕಿಯೊದಲ್ಲಿ ಆಸ್ಟ್ರಾನ್ ಎಂಬ ಸೆಲ್ ವಾಚ್ ಬಿಡುಗಡೆ ಮಾಡಿತು. ಬೆಲೆ 4.5 ಲಕ್ಷ ಯೆನ್, ಆಗಿನ ಒಂದು ಸಣ್ಣ ಕಾರಿನಷ್ಟು. ಒಳಗಿನ ಕ್ವಾರ್ಟ್ಸ್ ಹರಳಿನ ಕಂಪನವೇ ಅದರ ಲಯ. ಇಂದಿನ ಸಾಮಾನ್ಯ ಕ್ವಾರ್ಟ್ಸ್ ವಾಚ್‌ನಲ್ಲಿ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ, ತಿಂಗಳಿಗೆ ಹದಿನೈದು ಸೆಕೆಂಡಿನಷ್ಟು ಹೆಚ್ಚುಕಮ್ಮಿ ಆಗುತ್ತದೆ. ಸ್ಪ್ರಿಂಗ್ ವಾಚ್‌ಗಳಿಗೆ ಸ್ವಿಸ್ ಸಂಸ್ಥೆ ಸಿಒಎಸ್‌ಸಿ ಕೊಡುವ ಪ್ರಮಾಣಪತ್ರಕ್ಕೆ ಬೇಕಾದದ್ದು ದಿನಕ್ಕೆ ಸರಾಸರಿ 4 ಸೆಕೆಂಡು ಹಿಂದೆ, 6 ಸೆಕೆಂಡು ಮುಂದೆ ಎಂಬ ಮಿತಿ. ಸ್ಪ್ರಿಂಗ್ ವಾಚ್‌ನದು ದಿನದ ಲೆಕ್ಕ, ಕ್ವಾರ್ಟ್ಸ್‌ನದು ತಿಂಗಳ ಲೆಕ್ಕ. ಕ್ವಾರ್ಟ್ಸ್ ಅಗ್ಗವಾಗುತ್ತಿದ್ದಂತೆ ಸಮಯ ತೋರಿಸುವ ಕೆಲಸದಲ್ಲಿ ಸ್ಪ್ರಿಂಗ್ ವಾಚ್ ಸೋತಿತು. 1970ರಲ್ಲಿ ಸುಮಾರು 90,000 ಇದ್ದ ಸ್ವಿಸ್ ವಾಚ್ ಕೆಲಸಗಾರರ ಸಂಖ್ಯೆ 1980ರ ದಶಕದ ನಡುವೆ ಅದರ ಮೂರನೇ ಒಂದು ಭಾಗದಷ್ಟಕ್ಕೆ ಕುಸಿಯಿತು.

ಉಳಿದುಕೊಂಡವರು ಬೆಲೆ ಏರಿಸಿ ಉಳಿದರು. ಓಡೆಮಾರ್ ಪಿಗೆ 1972ರಲ್ಲೇ ರಾಯಲ್ ಓಕ್ ಎಂಬ ಸ್ಟೀಲ್ ವಾಚ್ ತಂದು ಚಿನ್ನದ ವಾಚ್‌ಗಿಂತ ಹೆಚ್ಚು ಬೆಲೆ ಇಟ್ಟಿತ್ತು. ಅಂದು ಹುಚ್ಚು ಎನಿಸಿದ ದಾರಿ ಈಗ ಇಡೀ ಉದ್ಯಮದ ದಾರಿ. 2011ರಲ್ಲಿ ಸ್ವಿಟ್ಜರ್ಲೆಂಡ್ ಸುಮಾರು 2.98 ಕೋಟಿ ವಾಚ್ ರಫ್ತು ಮಾಡಿತು, ಉದ್ಯಮದ ರಫ್ತು ಮೌಲ್ಯ 19.3 ಶತಕೋಟಿ ಫ್ರಾಂಕ್. 2024ರಲ್ಲಿ ವಾಚ್‌ಗಳ ಸಂಖ್ಯೆ ಸುಮಾರು 1.53 ಕೋಟಿಗೆ ಇಳಿಯಿತು, ಮೌಲ್ಯ 26 ಶತಕೋಟಿಗೆ ಏರಿತು. ವಾಚ್ ಅರ್ಧ ಆಯಿತು, ಒಂದೊಂದರ ಸರಾಸರಿ ಮೌಲ್ಯ ಎರಡೂವರೆ ಪಟ್ಟು ಆಯಿತು.

ಇದಕ್ಕೆ ಪೂರ್ತಿ ಎದುರಾದ ಉತ್ತರ ನಮ್ಮ ಜಾಲಹಳ್ಳಿಯಲ್ಲಿ ಸಿಕ್ಕಿತ್ತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಎಚ್‌ಎಂಟಿ ಅಲ್ಲಿ ವಾಚ್ ಮಾಡಲು ಶುರು ಮಾಡಿತು. ಜನತಾ, ಪೈಲಟ್, ಜವಾನ್ ಹೀಗೆ ಹೆಸರು ಬೇರೆಯಾದರೂ ಒಳಗಿನ ಕೀ ಕೊಡುವ ಮೆಷಿನ್ ಬಹುಪಾಲು ಒಂದೇ. ಒಂದೇ ಮೆಷಿನ್ ಅನ್ನು ಲಕ್ಷಗಟ್ಟಲೆ ಮಾಡಿದ್ದರಿಂದ ಖರ್ಚು ಇಳಿಯಿತು. ಮೇಷ್ಟರು, ಗುಮಾಸ್ತರು, ಕಂಡಕ್ಟರ್‌ಗಳ ಕೈಗೂ ವಾಚ್ ಬಂತು. ಕಾರ್ಖಾನೆಗಳ ಬಾಗಿಲು ಮುಚ್ಚುವ ಹೊತ್ತಿಗೆ ಎಚ್‌ಎಂಟಿ ಹತ್ತು ಕೋಟಿಗೂ ಹೆಚ್ಚು ವಾಚ್ ಮಾಡಿತ್ತು. ಆ ವಾಚ್‌ಗಳಿಗೂ ಒಂದು ಕಾಲದಲ್ಲಿ ಬೇಡಿಕೆ ಎಷ್ಟಿತ್ತೆಂದರೆ ಜನ ಕಾಯಬೇಕಿತ್ತು. ಆ ಕೊರತೆಗೆ ಎಚ್‌ಎಂಟಿ ಕೊಟ್ಟ ಉತ್ತರ ಇನ್ನಷ್ಟು ವಾಚ್, ತುಮಕೂರಿನಂಥ ಕಡೆ ಇನ್ನಷ್ಟು ಕಾರ್ಖಾನೆ. ಇವತ್ತು ರೋಲೆಕ್ಸ್‌ನ ಕೆಲವು ಮಾಡೆಲ್‌ಗಳಿಗೂ ಜನ ಕಾಯುತ್ತಾರೆ. ಹಣ ಕೈಯಲ್ಲಿದ್ದರೂ ಅಂಗಡಿಯಲ್ಲಿ ವಾಚ್ ಇರುವುದಿಲ್ಲ. ಹೊಸಬರು ಹೆಸರು ಬರೆಸಿ ಕಾಯಬೇಕು.

ಈ ಕಾಯುವಿಕೆಯಿಂದ ಹುಟ್ಟಿದ್ದೇ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯ ಆರ್ಭಟ. ಪಟೆಕ್ ಫಿಲಿಪ್ 2021ರಲ್ಲಿ ತನ್ನ ನಾಟಿಲಸ್ 5711 ಸ್ಟೀಲ್ ವಾಚ್ ನಿಲ್ಲಿಸಿತು. ಅದೇ ಡಿಸೆಂಬರ್‌ನಲ್ಲಿ ಅಮೆರಿಕದ ಒಡವೆ ಕಂಪನಿ ಟಿಫನಿಯ ನೀಲಿ ಬಣ್ಣದ ಡಯಲ್ ಇದ್ದ ಒಂದು 5711 ಹರಾಜಿನಲ್ಲಿ 65 ಲಕ್ಷ ಡಾಲರ್‌ಗೆ ಹೋಯಿತು. ಅದರ ಅಂಗಡಿ ಬೆಲೆ ಸುಮಾರು 52,000 ಡಾಲರ್. ಕೋವಿಡ್ ಕಾಲದ ಅಗ್ಗದ ಸಾಲ, ಷೇರು ಮತ್ತು ಕ್ರಿಪ್ಟೊ ಗಳಿಕೆ ಎಲ್ಲಾ ವಾಚ್‌ಗಳ ಮೇಲೆ ಸುರಿಯಿತು. 2022ರ ವಸಂತದ ನಂತರ ಬೆಲೆ ಇಳಿಯಿತು, ಎರಡು ವರ್ಷ ಇಳಿಯುತ್ತಲೇ ಇತ್ತು. ವಾಚ್ ಹೂಡಿಕೆ ಎಂದು ನಂಬಿ ತುದಿಯಲ್ಲಿ ಕೊಂಡವರು ಕಷ್ಟಪಟ್ಟರು. ಬೆಲೆ ಉಳಿಸಿಕೊಳ್ಳುವುದು ಬೆರಳೆಣಿಕೆಯ ಬ್ರ್ಯಾಂಡ್‌ಗಳ ಕೆಲವು ಮಾಡೆಲ್‌ಗಳು ಮಾತ್ರ. ಉಳಿದವು ಅಂಗಡಿಯಿಂದ ಹೊರಬಂದ ದಿನವೇ ಬೆಲೆ ಕಳೆದುಕೊಳ್ಳುತ್ತವೆ.

ಕಡಿಮೆ ಮಾಡಿ ಹೆಚ್ಚು ಬೆಲೆಗೆ ಮಾರುವ ದಾರಿಗೆ ಇನ್ನೊಂದು ಮುಖವಿದೆ. ಒಮೆಗಾ, ಲಾಂಜೀನ್, ಟಿಸ್ಸೊಗಳ ಒಡೆಯ ಸ್ವಾಚ್ ಗ್ರೂಪ್ ನೋಡಿ. 2024ರಲ್ಲಿ ಚೀನಾದ ಬೇಡಿಕೆ ಬಿದ್ದು ಅದರ ಮಾರಾಟ 6.7 ಶತಕೋಟಿ ಫ್ರಾಂಕ್‌ಗೆ ಇಳಿಯಿತು. ಕಾರ್ಯಾಚರಣೆಯ ಲಾಭ ಬರೀ 30 ಕೋಟಿ ಫ್ರಾಂಕ್. ನೂರು ಫ್ರಾಂಕ್ ಮಾರಾಟಕ್ಕೆ ನಾಲ್ಕೂವರೆ ಫ್ರಾಂಕ್. ಹಿಂದಿನ ವರ್ಷ ಅದು ಹದಿನೈದು ಇತ್ತು. ವಾಚ್‌ಗಳ ವಿನ್ಯಾಸ ಬದಲಾಗಿರಲಿಲ್ಲ, ಉಕ್ಕು ದುಬಾರಿಯಾಗಿರಲಿಲ್ಲ. ಕಾರ್ಖಾನೆ, ನುರಿತ ಕೆಲಸಗಾರರು, ಅಂಗಡಿಗಳು ಹಾಗೇ ಇದ್ದವು, ಮಾರಿದ ವಾಚ್ ಕಡಿಮೆ ಆಯಿತು. ಒಂದೊಂದರ ಮೇಲೆ ಬೀಳುವ ಖರ್ಚು ತಾನಾಗಿ ಏರಿತು. "ಎಂಬತ್ತು ಸಾವಿರದ ವಾಚ್ ಅನ್ನು ಐದು ಲಕ್ಷಕ್ಕೆ ಮಾರಿ ನಾಲ್ಕು ಲಕ್ಷ ಲಾಭ ಹೊಡೆಯುತ್ತಾರೆ" ಎಂಬ ಮಾತು ಸರಿಯಲ್ಲ ಎನ್ನುವುದು ಇದಕ್ಕೇ.

ಬೆಂಗಳೂರಿನಲ್ಲಿ ಮುಂದೆ ಏನು

ಚೀನಾ ಇಳಿದ ವರ್ಷವೇ ಭಾರತಕ್ಕೆ ಬಂದ ಸ್ವಿಸ್ ವಾಚ್‌ಗಳ ಮೌಲ್ಯ ಸುಮಾರು ಶೇ 25 ಏರಿತು. ಹಾಗಾಗಿ ಕಂಪನಿಗಳ ಕಣ್ಣು ಈಗ ನಮ್ಮಂಥ ಊರುಗಳ ಮೇಲಿದೆ.

ಇಲ್ಲಿನ ಬೆಲೆಗೆ ಎರಡು ಹಗ್ಗಗಳು ಕಟ್ಟಿವೆ. ಒಂದು ಫ್ರಾಂಕ್. 2015ರ ಸುಮಾರಿಗೆ ಒಂದು ಸ್ವಿಸ್ ಫ್ರಾಂಕ್‌ಗೆ ₹65ರಷ್ಟು ಕೊಡಬೇಕಿತ್ತು, 2025ರಲ್ಲಿ ಅದು ₹100 ದಾಟಿತು. ಕಂಪನಿ ಫ್ರಾಂಕ್ ಬೆಲೆಯನ್ನು ಮುಟ್ಟದೇ ಇದ್ದರೂ ನಮಗೆ ಅರ್ಧದಷ್ಟು ಹೆಚ್ಚಳ ಅಲ್ಲೇ ಆಯಿತು. ಇನ್ನೊಂದು ಸುಂಕ. ಸ್ವಿಟ್ಜರ್ಲೆಂಡ್ ಇರುವ ಇಎಫ್‌ಟಿಎ ಗುಂಪಿನ ಜೊತೆ ಭಾರತ 2024ರ ಮಾರ್ಚ್‌ನಲ್ಲಿ ಸಹಿ ಮಾಡಿದ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಅದರ ಪ್ರಕಾರ ಸ್ವಿಸ್ ವಾಚ್ ಮೇಲಿನ ಸುಂಕ ಏಳು ವರ್ಷಗಳಲ್ಲಿ ಹಂತ ಹಂತವಾಗಿ ಇಲ್ಲವಾಗುತ್ತದೆ. ಹತ್ತು ಲಕ್ಷ ಮೀರಿದ ವಾಚ್ ಕೊಳ್ಳುವಾಗ 2025ರ ಏಪ್ರಿಲ್‌ನಿಂದ ಶೇ 1 ಟಿಸಿಎಸ್ (ಮಾರುವವರೇ ವಸೂಲು ಮಾಡುವ ತೆರಿಗೆ) ಕೂಡ ಹಿಡಿಯುತ್ತಾರೆ. ಅದನ್ನು ಆದಾಯ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು.

ಸುಂಕ ಹೋದರೆ ನಮ್ಮ ಐದು ಲಕ್ಷದ ವಾಚ್ ಎಷ್ಟು ಇಳಿಯಬೇಕು? ಸುಂಕ ಬೀಳುವುದು ಎಂಆರ್‌ಪಿ ಮೇಲಲ್ಲ, ಆಮದು ಬೆಲೆಯ ಮೇಲೆ. ನಮ್ಮ ಬಿಲ್‌ನಲ್ಲಿ ಅದು ₹53,000, ಅದರ ಮೇಲಿನ ಜಿಎಸ್‌ಟಿ ಸೇರಿಸಿದರೆ ₹63,000. ಅಂಗಡಿಯವರು ತಮ್ಮ ಪಾಲನ್ನೂ ಅದೇ ಪ್ರಮಾಣದಲ್ಲಿ ಇಳಿಸಿದರೆ ₹90,000. ಅದೂ ಏಳು ವರ್ಷಗಳಲ್ಲಿ ಹಂಚಿ, ವರ್ಷಕ್ಕೆ ಒಂಬತ್ತರಿಂದ ಹದಿಮೂರು ಸಾವಿರ. ಆ ಏಳು ವರ್ಷಗಳಲ್ಲಿ ಫ್ರಾಂಕ್ ಇನ್ನು ಇಪ್ಪತ್ತು ಇಪ್ಪತ್ತೈದು ರೂಪಾಯಿ ಏರಿದರೆ ಆ ಇಳಿಕೆ ಪೂರ್ತಿ ಅದರಲ್ಲೇ ಕರಗುತ್ತದೆ. ಸುಂಕ ಇಳಿಯಲಿ ಎಂದು ಕಾಯುತ್ತಾ ಕೂತವರು ಈ ಎರಡು ಸಂಖ್ಯೆಗಳನ್ನೂ ಪಕ್ಕದಲ್ಲಿಟ್ಟುಕೊಂಡು ನೋಡಬೇಕು.